‘ಜನ ಕೇಳತಾರ, ನಾವು ಹಾಕತೀವಿ’

ಡಿಸೆಂಬರ್ ಬಂತೆಂದರೆ ನಮ್ಮ ಹೈಸ್ಕೂಲಿನಲ್ಲಿ ಗ್ಯಾದರಿಂಗಿನ ಗಡಿಬಿಡಿ ಸುರುವಾಗುತ್ತದೆ. ಕೊನೆಯ ಗಂಟೆ ಹೊಡೆದ ಮೇಲೆ ಡೆಸ್ಕುಗಳನ್ನು ಗೋಡೆಗೆ ಸರಿಸಿ ಹುಡುಗಿಯರು ಡಾನ್ಸ್ ಪ್ರ್ಯಾಕ್ಟೀಸಿಗೆ ನಿಲ್ಲುತ್ತಾರೆ. ಅವರು ಆರಿಸಿದ ಹಾಡುಗಳನ್ನು ನೋಡಿ ಒಪ್ಪಿಗೆ ಕೊಡುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೇ ಬಂದಿದೆ. ಹೋದ ಸಲ ಎಂಟರಿಂದ ಹತ್ತನೆಯ ತರಗತಿಯವರೆಗೆ ಒಟ್ಟು ಹನ್ನೊಂದು ಗುಂಪುಗಳು ಚೀಟಿ ಬರೆದು ಕೊಟ್ಟವು. ಬಿಚ್ಚಿ ನೋಡುತ್ತೇನೆ, ಹನ್ನೊಂದರಲ್ಲಿ ಎಂಟು ಚೀಟಿಗಳಲ್ಲಿ ಅವೇ ಮೂರು ಹಾಡು.

“ಅಲ್ಲವಾ, ಇಷ್ಟು ಮಂದಿ ಇದ್ದೀರಿ, ಬ್ಯಾರೆ ಹಾಡ ಸಿಗಲಿಲ್ಲೇನು?” ಎಂದು ಕೇಳಿದೆ. ಒಬ್ಬಳು ಧೈರ್ಯ ಮಾಡಿ, “ಅಕ್ಕೋರ, ಈಗ ಎಲ್ಲಾ ಕಡಿ ಇವ ಹಾಡು ನಡದಾವ್ರಿ” ಅಂದಳು. ಯಾರು ನಡೆಸಿದರು ಎಂದು ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಂಡು ನಕ್ಕರು. ಅದೂ ಒಂದು ಪ್ರಶ್ನೆಯೇ ಎನ್ನುವ ನಗು ಅದು.

ಅದೇ ಪ್ರಶ್ನೆಯನ್ನು ಗ್ಯಾದರಿಂಗಿಗೆ ಸೌಂಡ್ ಸಿಸ್ಟಮ್ ತರುವ ಹುಡುಗನಿಗೂ ಕೇಳಿದೆ. ಮುಂಡರಗಿ, ಶಿರಹಟ್ಟಿ ಕಡೆಯ ಜಾತ್ರೆ, ಮದುವೆ, ಗಣಪತಿ ಕಳಿಸುವ ಮೆರವಣಿಗೆ ಎಲ್ಲಕ್ಕೂ ಅವನದೇ ಡಿಜೆ. ಅವನು ಒಂದೇ ಮಾತಿನಲ್ಲಿ ಮುಗಿಸಿದ: “ಜನಾ ಕೇಳತಾರ್ರೀ ಅಕ್ಕೋರ, ನಾವು ಹಾಕತೀವ್ರಿ.” ಪಾಪ, ಅವನದೇನೂ ತಪ್ಪಿಲ್ಲ. ಆದರೆ ಈ ಮಾತನ್ನು ನಾನು ಎಲ್ಲಿಯೋ ಕೇಳಿದ್ದೇನಲ್ಲ ಅನಿಸಿತು. ಟಿವಿಯವರು ಹೇಳುವುದು ಇದನ್ನೇ, ಎಫ್‌ಎಂ ರೇಡಿಯೋದವರು ಹೇಳುವುದೂ ಇದನ್ನೇ. ಜನ ಕೇಳುತ್ತಾರೆ, ನಾವು ಹಾಕುತ್ತೇವೆ. ಈ ಮಾತು ಅರ್ಧ ಸುಳ್ಳು ಎಂದು ಹೇಳುವುದಕ್ಕೇ ನಾನು ಈ ಲೇಖನ ಬರೆಯಲು ಕುಳಿತದ್ದು.

ಈಗಲೇ ಯಾಕೆ ಹೇಳಬೇಕು ಎಂದರೆ, 2024ರ ಆಗಸ್ಟ್ 28ರಂದು ಕೇಂದ್ರ ಸಚಿವ ಸಂಪುಟ 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ನಮ್ಮ ಗದಗ-ಬೆಟಗೇರಿಯ ಹೆಸರಿದೆ, ನಮಗೆ ಮೂರು ವಾಹಿನಿ. ಮಾತೃಭಾಷೆಯಲ್ಲಿ ಸ್ಥಳೀಯ ಕಾರ್ಯಕ್ರಮ ಬರುತ್ತದೆ, ಸ್ಥಳೀಯ ನುಡಿಗೆ, ಸಂಸ್ಕೃತಿಗೆ ಬಲ ಬರುತ್ತದೆ ಎಂದು ಸರಕಾರವೇ ಹೇಳಿತು. ಕೇಳಲು ಎಷ್ಟು ಚೆಂದ! ಪುಲಿಗೆರೆ ಎಂದರೆ ನಮ್ಮ ಲಕ್ಷ್ಮೇಶ್ವರ. ಕನ್ನಡದ ತಿರುಳು ಎಲ್ಲಿದೆ ಎಂದು ‘ಕವಿರಾಜಮಾರ್ಗ’ ಸಾವಿರದ ನೂರು ವರ್ಷಗಳ ಹಿಂದೆಯೇ ಗುರುತಿಸಿದ ನಾಲ್ಕು ಊರುಗಳಲ್ಲಿ ಅದೂ ಒಂದು. ಪಂಪ ತನ್ನ ಕನ್ನಡ ಆ ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಪಟ್ಟ. ಅಂಥ ಸೀಮೆಗೆ ರೇಡಿಯೋ ಬಂದರೆ ಯಾರಿಗೆ ಸಂತೋಷವಾಗುವುದಿಲ್ಲ? ಯಾವತ್ತಾದರೂ ಬರಲಿ, ಯಾರಾದರೂ ಹರಾಜಿನಲ್ಲಿ ಕೊಳ್ಳಲಿ. ಆದರೆ ಅದರಲ್ಲಿ ಯಾವ ಹಾಡು ಬರಬೇಕು ಎನ್ನುವುದನ್ನು ಯಾರು ನಿರ್ಧರಿಸುತ್ತಾರೆ? ಗದಗಿನವರೇ, ಅಥವಾ ಹಾಡಿನ ಹಕ್ಕನ್ನು ಕೊಂಡು ಕಪಾಟಿನಲ್ಲಿಟ್ಟುಕೊಂಡ ಕಂಪನಿಯವರೇ?

ನಾನು ರೆಕಾರ್ಡ್ ಕಂಪನಿಗಳ ಹಗೆಯಲ್ಲ. ಅವು ಇಲ್ಲದಿದ್ದರೆ ನಾವು ಬಡವರಾಗುತ್ತಿದ್ದೆವು. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಹುಬ್ಬಳ್ಳಿಯ ಹುಡುಗಿ ಗಂಗೂಬಾಯಿಯವರ ದನಿಯನ್ನು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಮುದ್ರಿಸಿತು. ಗದಗಿನಲ್ಲಿ ಬೆಳೆದ ಬಾಲಕ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಹಚ್ಚಿದ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ ಹುಚ್ಚು ಹಿಡಿದು ಮನೆ ಬಿಟ್ಟ ಕತೆ ನಮ್ಮೂರವರಿಗೆಲ್ಲ ಗೊತ್ತು. ನಾನು ಕಾಲೇಜಿಗೆ ಹೋಗುವಾಗ, 1987ರಲ್ಲಿ, ‘ಪ್ರೇಮಲೋಕ’ದ ಕ್ಯಾಸೆಟ್ಟು ಚಹಾದಂಗಡಿ, ಹೇರ್ ಕಟಿಂಗ್ ಅಂಗಡಿ, ಟೆಂಪೋ ಎಲ್ಲ ಕಡೆ ಹಾಡುತ್ತಿತ್ತು. ನಾವು ಗೆಳತಿಯರು ಬಾಗಿಲು ಹಾಕಿಕೊಂಡು ಅದಕ್ಕೆ ಕುಣಿದಿದ್ದೇವೆ. ಆದ್ದರಿಂದ ಸಿನಿಮಾ ಹಾಡಿಗೆ ಕುಣಿಯುವ ಹುಡುಗಿಯರನ್ನು ಬಯ್ಯುವ ಅಧಿಕಾರ ನನಗಿಲ್ಲ. ನನ್ನ ಜಗಳ ಹಾಡಿನ ಸಂಗಡ ಅಲ್ಲ, ಬೇರೆ ಹಾಡು ಕಿವಿಗೆ ಬೀಳದಂತೆ ಮಾಡುವ ವ್ಯವಸ್ಥೆಯ ಸಂಗಡ.

ಹಿಂದಿನ ಕಾಲದ ರೇಡಿಯೋ ಎಲ್ಲ ಬಂಗಾರವಾಗಿತ್ತು ಎಂದೂ ನಾನು ಹೇಳುವುದಿಲ್ಲ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮಿಗೆ ಬಾಗಿಲು ಮುಚ್ಚಿತು. 1971ರವರೆಗೆ ಅದನ್ನು ತೆರೆಯಲಿಲ್ಲ. ಪುಟ್ಟರಾಜ ಗವಾಯಿಗಳ ಬೆರಳುಗಳು ಹಾರ್ಮೋನಿಯಂ ಮೇಲೆ ಆಡುವುದನ್ನು ಕಂಡ ಗದಗಿನವರಿಗೆ ಇದು ಎಂಥ ಮೂರ್ಖತನ ಎಂದು ಬಿಡಿಸಿ ಹೇಳಬೇಕಾಗಿಲ್ಲ. 1952ರಲ್ಲಿ ಮಂತ್ರಿಯಾದ ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗುತ್ತಿರಲಿಲ್ಲ. ಹಾಡಿನ ಜೊತೆ ಸಿನಿಮಾದ ಹೆಸರು ಹೇಳಿದರೆ ಅದು ಪುಕ್ಕಟೆ ಜಾಹೀರಾತು ಎಂದು ಆಕಾಶವಾಣಿ ಹೆಸರು ಹೇಳುವುದನ್ನೇ ಬಿಟ್ಟಿತು. ನಿರ್ಮಾಪಕರು ಸಿಟ್ಟಾಗಿ ಹಾಡುಗಳ ಅನುಮತಿ ಹಿಂದೆ ತೆಗೆದುಕೊಂಡರು. ಕೇಳುಗರೆಲ್ಲ ರೇಡಿಯೋ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. ಕಡೆಗೆ 1957ರಲ್ಲಿ ವಿವಿಧ ಭಾರತಿ ಸುರುವಾಯಿತು. ಈ ಹಳೆಯ ಜಗಳವನ್ನು ಯಾಕೆ ನೆನೆಸಿದೆ ಎಂದರೆ, ರೇಡಿಯೋದಲ್ಲಿ ಹಾಡು ಹಾಕುವುದೆಂದರೆ ಆ ಹಾಡಿಗೆ ಜಾಹೀರಾತು ಕೊಟ್ಟಂತೆ ಎನ್ನುವುದು ಎರಡೂ ಕಡೆಯವರಿಗೆ ಆಗಲೇ ತಿಳಿದಿತ್ತು. ತಿಳಿಯದವರು ನಾವು, ಕೇಳುಗರು ಮಾತ್ರ.

ಈಗ ‘ಜನ ಕೇಳುತ್ತಾರೆ’ ಎನ್ನುವ ಮಾತಿಗೆ ಬರೋಣ. ಬೆಂಗಳೂರಿನಲ್ಲಿ 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಸುರುವಾದಾಗ ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದೇ ಜೋರು. ಕನ್ನಡಿಗರು ತಕರಾರು ತೆಗೆದರೆ, ಬೆಂಗಳೂರಿನ ಜನ ಕೇಳುವುದೇ ಇವನ್ನು ಎನ್ನುವ ಉತ್ತರ. 2006ರಲ್ಲಿ ಇನ್ನಷ್ಟು ಕೇಂದ್ರಗಳು ಬಂದವು. ಅವುಗಳಲ್ಲಿ ಕೆಲವು ಕನ್ನಡ ಹಾಡುಗಳನ್ನೇ ಮುಂದೆ ಮಾಡಿದವು. ಜನ ಮುಗಿಬಿದ್ದು ಕೇಳಿದರು. ಅದೇ ಊರು, ಅವೇ ಕಿವಿಗಳು. ಐದು ವರ್ಷದಲ್ಲಿ ಜನರ ರುಚಿ ಬದಲಾಯಿತೇ? ಇಲ್ಲ. ಬಡಿಸುವವರು ಬದಲಾದರು. ಮನೆಯಲ್ಲಿ ದಿನಾ ಬರಿ ಉಪ್ಪಿಟ್ಟು ಮಾಡಿಟ್ಟು, ‘ನಮ್ಮ ಮಕ್ಕಳು ಉಪ್ಪಿಟ್ಟು ಬಿಟ್ಟರೆ ಬೇರೆ ಏನೂ ತಿನ್ನೋದಿಲ್ಲ’ ಎಂದು ಹೇಳಿದರೆ ಯಾವ ತಾಯಿ ನಂಬುತ್ತಾಳೆ?

ಇನ್ನು ಒಂದು ಕುಣಿತದ ಹಾಡು ಹೇಗೆ ‘ಹಿಟ್’ ಆಗುತ್ತದೆ ನೋಡಿರಿ. ಸಿನಿಮಾ ಇನ್ನೂ ತೆರೆಗೆ ಬಂದಿರುವುದಿಲ್ಲ. ಹಾಡುಗಳ ಹಕ್ಕನ್ನು ಒಂದು ಮ್ಯೂಸಿಕ್ ಕಂಪನಿ ಹಣ ಕೊಟ್ಟು ಕೊಂಡಿರುತ್ತದೆ. ಹಾಕಿದ ಬಂಡವಾಳ ತಿರುಗಿ ಬರಬೇಕಲ್ಲ! ಸಿನಿಮಾ ಬರುವುದರೊಳಗೆ ಆ ಹಾಡು ಊರ ಬಾಯಲ್ಲಿ ಆಡಬೇಕು. ಪೋಸ್ಟರಿನ ಕೆಳಗೆ ಒಂದು ಎಫ್‌ಎಂ ಕೇಂದ್ರದ ಹೆಸರನ್ನು ‘ರೇಡಿಯೋ ಪಾರ್ಟ್ನರ್’ ಎಂದು ಹಾಕುತ್ತಾರೆ. ನಾಯಕ, ನಾಯಕಿ ಸ್ಟುಡಿಯೋಕ್ಕೆ ಬಂದು ಹರಟೆ ಹೊಡೆಯುತ್ತಾರೆ. ಕೇಳುಗರಿಗೆ ಪುಕ್ಕಟೆ ಟಿಕೆಟ್ಟಿನ ಸ್ಪರ್ಧೆ ನಡೆಯುತ್ತದೆ. ಸಿನಿಮಾದ ಜಾಹೀರಾತೂ ಅದೇ ಕೇಂದ್ರಕ್ಕೆ. ನಡುನಡುವೆ ಆ ಹಾಡು ಮುಂಜಾನೆ, ಮಧ್ಯಾಹ್ನ, ಸಂಜೆ ಬರುತ್ತಲೇ ಇರುತ್ತದೆ. ನಮ್ಮ ಮನೆಯ ಮಗನಂತೆ ಮಾತಾಡುವ ಆ ಜಾಕಿ, ‘ಇದು ಈ ವಾರದ ಸೂಪರ್ ಹಿಟ್’ ಎನ್ನುತ್ತಾನೆ. ಬಿಡುಗಡೆಯೇ ಆಗದ ಸಿನಿಮಾದ ಹಾಡು ಹಿಟ್ ಆಯಿತೆಂದು ಎಣಿಸಿದವರು ಯಾರು? ಅವನಿಗೆ ಅದು ಇಷ್ಟವೋ ಇಲ್ಲವೋ ದೇವರಿಗೇ ಗೊತ್ತು. ಇಂಥ ಕೇಂದ್ರಗಳಲ್ಲಿ ಹಾಡನ್ನು ಸಾಮಾನ್ಯವಾಗಿ ಜಾಕಿ ಆರಿಸುವುದಿಲ್ಲ. ಮೇಲಿನವರು ಮಾಡಿಕೊಟ್ಟ ಕೆಲವೇ ನೂರು ಹಾಡುಗಳ ಪಟ್ಟಿಯನ್ನು ಕಂಪ್ಯೂಟರು ಹಿಂದೆಮುಂದೆ ಮಾಡಿ ಕೊಡುತ್ತದೆ. ಅವನು ನಡುವೆ ಮಾತು ಸೇರಿಸುತ್ತಾನೆ, ಅಷ್ಟೆ.

ಇದರ ಹಿಂದೆ ಲೆಕ್ಕಾಚಾರವೂ ಇದೆ. ಹಾಡು ಹಾಕಿದ್ದಕ್ಕೆ ರೇಡಿಯೋದವರು ಮ್ಯೂಸಿಕ್ ಕಂಪನಿಗಳಿಗೆ ಹಣ ಕೊಡಬೇಕು. ಎಷ್ಟು ಕೊಡಬೇಕೆಂದು ಎರಡೂ ಕಡೆಯ ದೊಡ್ಡವರು ವರ್ಷಗಟ್ಟಲೆ ಹೊಡೆದಾಡಿದರು. 2008ರಲ್ಲಿ ಜಗಳ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಕಂಡಿತು. 2010ರ ಆಗಸ್ಟಿನಲ್ಲಿ ಕಾಪಿರೈಟ್ ಮಂಡಳಿ ಒಂದು ತೀರ್ಪು ಕೊಟ್ಟಿತು. ಕೇಂದ್ರದ ನಿವ್ವಳ ಜಾಹೀರಾತು ಆದಾಯದಲ್ಲಿ ಶೇಕಡಾ 2 ತೆಗೆದಿಡಬೇಕು, ಯಾರ ಹಾಡು ಎಷ್ಟು ಹೊತ್ತು ಬಂತೋ ಆ ಪ್ರಮಾಣದಲ್ಲಿ ಹಂಚಬೇಕು ಎಂದು. 2020ರ ಕೊನೆಗೆ ಬಂದ ಇನ್ನೊಂದು ಆದೇಶ ‘ನೀಡಲ್ ಅವರ್’ ಲೆಕ್ಕದಲ್ಲಿ, ಅಂದರೆ ನಿಜವಾಗಿ ಹಾಡು ತಿರುಗಿದ ಗಂಟೆಗಳ ಲೆಕ್ಕದಲ್ಲಿ ದರ ಕಟ್ಟಿತು. ಪ್ಲೇಟು ಹೋಯಿತು, ಸೂಜಿ ಹೋಯಿತು, ಸೂಜಿಯ ಲೆಕ್ಕ ಮಾತ್ರ ಉಳಿಯಿತು! ಹೆಚ್ಚು ಹೊತ್ತು ತಿರುಗಿದ ಹಾಡಿಗೆ ಹೆಚ್ಚು ಪಾಲು ಎಂದ ಮೇಲೆ, ತನ್ನ ಹಾಡೇ ತಿರುಗಲಿ ಎಂದು ಕಂಪನಿ ಹವಣಿಸದೆ ಇರುತ್ತದೆಯೇ? ಅದು ವ್ಯಾಪಾರದ ಗುಣ. ಆದರೆ ಇಷ್ಟೂ ಜಗಳದಲ್ಲಿ ವಾದಿ ಕಂಪನಿ, ಪ್ರತಿವಾದಿ ರೇಡಿಯೋ. ಕೇಳುವವರನ್ನು ಯಾರೂ ಕರೆಯಲಿಲ್ಲ, ಊರೂರಲ್ಲಿ ಹಾಡುವವರನ್ನೂ ಕರೆಯಲಿಲ್ಲ.

ಅಮೆರಿಕದಲ್ಲಿ ಇದು ಇನ್ನೂ ಬಯಲಾಗಿ ನಡೆದಿತ್ತು. ಅಲ್ಲಿ ರೆಕಾರ್ಡ್ ಕಂಪನಿಗಳು ರೇಡಿಯೋ ಜಾಕಿಗಳಿಗೆ ಗುಟ್ಟಾಗಿ ಹಣ ಕೊಟ್ಟು ತಮ್ಮ ಹಾಡು ಹಾಕಿಸುತ್ತಿದ್ದವು. ಅದಕ್ಕೆ ‘ಪೇಯೋಲಾ’ ಎಂದು ಹೆಸರೇ ಬಿದ್ದಿತ್ತು. ರಾಕ್ ಅಂಡ್ ರೋಲ್ ಕುಣಿತದ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿದ ಆಲನ್ ಫ್ರೀಡ್ ಎಂಬ ಹೆಸರಾಂತ ಜಾಕಿಯೇ ಇದರಲ್ಲಿ ಸಿಕ್ಕಿಬಿದ್ದ. 1960ರಲ್ಲಿ ಅಲ್ಲಿ ಕಾನೂನು ಬಂತು: ಹಣ ತೆಗೆದುಕೊಂಡು ಹಾಡು ಹಾಕಿದರೆ ಕೇಳುಗರಿಗೆ ಹಾಗೆಂದು ಹೇಳಲೇಬೇಕು. ಅಷ್ಟಾದರೂ ಚಾಳಿ ಹೋಗಲಿಲ್ಲ. 2005ರಲ್ಲಿ ಸೋನಿ ಬಿಎಂಜಿ ಕಂಪನಿ ಇಂಥದೇ ಆರೋಪದ ತನಿಖೆಯಲ್ಲಿ ರಾಜಿಗೆ ಬಂದು ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು. ನಮ್ಮಲ್ಲಿಯೂ ಲಂಚ ನಡೆದಿದೆ ಎಂದು ನಾನು ಹೇಳುತ್ತಿಲ್ಲ. ಕದ್ದು ಕೊಡುವ ಅಗತ್ಯವೇ ಇಲ್ಲದಂತೆ ಎಲ್ಲವೂ ಜಾಹೀರಾತು, ಪಾರ್ಟ್ನರ್‌ಶಿಪ್ ಎಂಬ ಹೆಸರಿನಲ್ಲಿ ಹಾಡುಹಗಲೇ ನಡೆಯಲು ದಾರಿ ಇದೆ ಎನ್ನುತ್ತಿದ್ದೇನೆ. ಲಂಚವಾಗಲಿ, ಒಪ್ಪಂದವಾಗಲಿ, ಕೇಳುವವಳ ಕಿವಿಗೆ ಬೀಳುವುದು ಒಂದೇ: ‘ಇದು ನಿಮ್ಮ ಮೆಚ್ಚಿನ ಹಾಡು.’

ಇದರಿಂದ ನಿನಗೇನು ನಷ್ಟವಾಯಿತು ತಾಯಿ ಎಂದು ನೀವು ಕೇಳಬಹುದು. ಒಂದು ಸಂಗತಿ ಹೇಳುತ್ತೇನೆ.

ನಾನು ಮೊದಲು ಶಿರಹಟ್ಟಿ ತಾಲೂಕಿನ ಒಂದು ಹಳ್ಳಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಒಬ್ಬ ಹೆಣ್ಣುಮಗಳು ಸೋಬಾನೆ, ಬೀಸುವ ಪದ, ಗೌರಿ ಹುಣ್ಣಿಮೆಯ ಕೋಲಿನ ಪದ, ಪಂಚಮಿಯ ಜೋಕಾಲಿ ಪದ ಹೇಳುವುದರಲ್ಲಿ ಎತ್ತಿದ ಕೈ. ಒಮ್ಮೆ ಹಾಡು ಎತ್ತಿದಳೆಂದರೆ ಸಕ್ಕರಿ ಆರತಿ ಹಿಡಿದ ಹುಡುಗಿಯರ ಕಾಲು ತಾವಾಗಿಯೇ ಕುಣಿಯುತ್ತಿದ್ದವು. ಧಾರವಾಡ ಆಕಾಶವಾಣಿ 1950ರಿಂದ ನಮ್ಮ ಕಡೆಯ ಹಾಡುಗಾರರನ್ನು ಕರೆಸಿ ಹಾಡಿಸುತ್ತ ಬಂದಿದೆ. ಈಕೆಯ ಮೇಳವೂ ಬಸ್ಸು ಹಿಡಿದು ಧಾರವಾಡಕ್ಕೆ ಹೋಗಿತ್ತು. ಕಾರ್ಯಕ್ರಮದ ದಿನ ಈಕೆಯ ಹೆಸರು, ಊರಿನ ಹೆಸರು, ಸಂಗಡಿಗರ ಹೆಸರು ರೇಡಿಯೋದಲ್ಲಿ ಬಂದವು. ಅಗಸಿಯ ಹತ್ತಿರ ಒಂದು ರೇಡಿಯೋದ ಸುತ್ತ ಇಡೀ ಊರೇ ಕುಳಿತು ಕೇಳಿತು. ಮುಂದೆ ಸಂಭಾವನೆಯ ಚೆಕ್ಕು ಬಂದಾಗ ಅದನ್ನು ಓದಿ ಹೇಳಿದವಳು ನಾನೇ.

ಅದಾಗಿ ಸ್ವಲ್ಪ ವರ್ಷಕ್ಕೆ ಒಂದು ಕ್ಯಾಸೆಟ್ ಕಂಪನಿಯವರು ಬಂದು ಈಕೆಯ ಹತ್ತು ಪದಗಳನ್ನು ಮುದ್ರಿಸಿಕೊಂಡರು. ಐನೂರು ರೂಪಾಯಿ, ಒಂದು ಇಳಕಲ್ ಸೀರೆ ಕೊಟ್ಟರು. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಮುಂದೆ ಕ್ಯಾಸೆಟ್ಟಿನ ಕಾಲ ಹೋಯಿತು, ಆ ಹಾಡುಗಳು ಯಾರ ಕೈಯಿಂದ ಯಾರ ಕೈಗೆ ಮಾರಾಟವಾದವೋ ತಿಳಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಅದೇ ದನಿ, ಕೆಳಗೆ ಧಡ್ ಧಡ್ ಎನ್ನುವ ಬಡಿತ ಸೇರಿಸಿಕೊಂಡು, ಡಿಜೆಯಲ್ಲಿ ಕೇಳಿ ಬಂತು. ಹೆಸರು ಮಾತ್ರ ಬಡಿತ ಸೇರಿಸಿದವರದು. ನಮ್ಮ ಶಾಲೆಯ ಹೊಸ ಶಿಕ್ಷಕಿಯೊಬ್ಬಳು ಹಳೆಯ ಕ್ಯಾಸೆಟ್ಟಿನ ಹಾಡು ಹುಡುಕಿ ತೆಗೆದು, ಗ್ಯಾದರಿಂಗಿನಲ್ಲಿ ಹುಡುಗಿಯರಿಂದ ಕೋಲಾಟ ಆಡಿಸಿದಳು. ಆ ಅಜ್ಜಿಯನ್ನು ಕರೆದು ಮುಂದಿನ ಕುರ್ಚಿಯಲ್ಲಿ ಕೂಡಿಸಿದ್ದೆವು. ವಿಡಿಯೋ ಯೂಟ್ಯೂಬಿಗೆ ಹಾಕಿದ ಮೇಲೆ, ‘ಈ ಹಾಡು ಇಂಥ ಕಂಪನಿಯ ಸ್ವತ್ತು’ ಎಂದು ನೋಟೀಸು ಬಂತು. ದನಿ ಕೇಳದಂತಾಯಿತು. ಅಜ್ಜಿಗೆ ತಿಳಿಸಿ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ನಾ ಮನ್ಯಾಗ ಹಾಡಿಕೊಂಡ್ರ ಅವರು ಏನೂ ಅನ್ನಂಗಿಲ್ಲಲ್ಲ ಯವ್ವಾ?” ಎಂದು ಕೇಳಿದಳು.

ನನ್ನ ಕೋಪವೆಲ್ಲ ಈ ಪ್ರಶ್ನೆಯಿಂದ ಹುಟ್ಟಿದ್ದು. ನಮ್ಮ ಕಾನೂನಿನಂತೆ ಧ್ವನಿಮುದ್ರಣದ ಹಕ್ಕು 60 ವರ್ಷ. 2012ರ ತಿದ್ದುಪಡಿಯಿಂದ ಸಿನಿಮಾ ಗೀತೆ ಬರೆದವರಿಗೆ, ರಾಗ ಕೂಡಿಸಿದವರಿಗೆ ರಾಯಲ್ಟಿಯಲ್ಲಿ ಪಾಲು ಸಿಗುವಂತಾಯಿತು, ಒಳ್ಳೆಯದೇ ಆಯಿತು. ಆದರೆ ತಾಯಿಯ ಬಾಯಿಂದ ಮಗಳ ಬಾಯಿಗೆ ಬಂದ ಪದಕ್ಕೆ ಬರೆದವರೆಂದು ಯಾರನ್ನು ತೋರಿಸುವುದು? ಪದ ಯಾರದೂ ಅಲ್ಲ ಎಂದಾಯಿತು, ಮುದ್ರಿಸಿದ ದನಿ ಮಾತ್ರ ಕಂಪನಿಯದಾಯಿತು. ನಾಳೆ ಗದಗಿನಲ್ಲಿ ಮೂರು ಎಫ್‌ಎಂ ಬಂದರೆ ಆ ಅಜ್ಜಿಯ ದನಿ ಬಡಿತದ ಜೊತೆ ದಿನಕ್ಕೆ ಹತ್ತು ಸಲ ಬರಬಹುದು. ಒಮ್ಮೆಯಾದರೂ ಆಕೆಯ ಹೆಸರು ಬರುತ್ತದೆಯೇ? ಅದೇ ಓಣಿಯಲ್ಲಿ ಈಗ ಹಾಡುವ ಆಕೆಯ ಮೊಮ್ಮಗಳಿಗೆ ಸ್ಟುಡಿಯೋದ ಬಾಗಿಲು ತೆರೆಯುತ್ತದೆಯೇ? ಆಕೆಯ ಹಿಂದೆ ಯಾವ ಕಂಪನಿಯೂ ಇಲ್ಲ, ಆಕೆಗಾಗಿ ಜಾಹೀರಾತು ಕೊಡುವವರೂ ಇಲ್ಲ.

‘ಈಗ ರೇಡಿಯೋ ಯಾರು ಕೇಳುತ್ತಾರೆ, ಎಲ್ಲ ಮೊಬೈಲಿನಲ್ಲೇ’ ಎಂದು ನನ್ನ ಮಗನೇ ನಗುತ್ತಾನೆ. ಮೊಬೈಲಿನಲ್ಲಿ ನಾವೇ ಆರಿಸುತ್ತೇವೆ ಎಂದು ಅವನ ನಂಬಿಕೆ. ಒಂದು ಹಾಡು ಮುಗಿದ ಮೇಲೆ ಮುಂದಿನದು ತಾನಾಗಿ ಬರುತ್ತದಲ್ಲ, ಅದನ್ನು ಆರಿಸಿದ್ದು ಯಾರಪ್ಪಾ ಎಂದರೆ ಉತ್ತರವಿಲ್ಲ. ಅಲ್ಲಿಯೂ ದೊಡ್ಡ ಕಂಪನಿಗಳ ಹಾಡೇ ಮುಂದೆ. ಇಷ್ಟಕ್ಕೂ ಅಂಗಡಿಯಲ್ಲಿ, ಟಂಟಂನಲ್ಲಿ, ಹೊಲಿಗೆ ಮಷಿನ್ನಿನ ಮುಂದೆ, ರೊಟ್ಟಿ ಬಡಿಯುವಾಗ ಕೈ ಬಿಡುವಿಲ್ಲದವರಿಗೆ ಇಂದಿಗೂ ರೇಡಿಯೋನೇ ಸಂಗಾತಿ. ಹಾಗೆ ಕೇಳುವವರಲ್ಲಿ ಹೆಂಗಸರೇ ಎಷ್ಟು ಮಂದಿ! ಹಾಗಾದರೆ ಕೇಳುವ ಹಕ್ಕೂ ನಮಗೇ ಹೆಚ್ಚು.

ಏನು ಕೇಳಬೇಕು? ನನಗೆ ತಿಳಿದದ್ದು ಮೂರು ಮಾತು. ಮೊದಲನೆಯದು, ಯಾವ ಹಾಡಿಗೆ ಒಪ್ಪಂದವಿದೆಯೋ, ಪಾರ್ಟ್ನರ್‌ಶಿಪ್ ಇದೆಯೋ, ಅದನ್ನು ಹಾಕುವಾಗ ಹಾಗೆಂದು ಬಾಯಿಬಿಟ್ಟು ಹೇಳಲಿ. ಎಣ್ಣೆಯ ಡಬ್ಬಿಯ ಮೇಲೆ ಒಳಗೇನಿದೆ ಎಂದು ಬರೆಯಬೇಕು, ಹಾಡಿಗೇಕೆ ಬೇಡ? ಎರಡನೆಯದು, ಗದಗಿನ ಹೆಸರಿನಲ್ಲಿ ಹರಾಜಾದ ಕೇಂದ್ರ ದಿನಕ್ಕೆ ಒಂದು ಗಂಟೆಯಾದರೂ ಈ ಜಿಲ್ಲೆಯ ಹಾಡುಗಾರರಿಗೆ ಕೊಡಲಿ. ಬೆಳಗಿನ ನಾಲ್ಕಕ್ಕಲ್ಲ, ಜನ ಎದ್ದಿರುವ ಹೊತ್ತಿಗೆ. ಹೆಸರು ಹೇಳಲಿ, ಊರು ಹೇಳಲಿ, ದುಡ್ಡು ಕೊಡಲಿ. ಸ್ಥಳೀಯ ನುಡಿಗೆ ಬಲ ಬರುತ್ತದೆ ಎಂದು ಸರಕಾರವೇ ಬರೆದುಕೊಟ್ಟ ಮಾತಿದೆ, ಅದನ್ನೇ ಹಿಡಿದು ಕೇಳೋಣ. ಮೂರನೆಯದು, ನಮ್ಮದೇ ಒಂದು ಸಮುದಾಯ ಬಾನುಲಿ. 2006ರಿಂದ ಊರಿನ ಸಂಘಸಂಸ್ಥೆಗಳೂ ಇಂಥ ಕೇಂದ್ರ ನಡೆಸಬಹುದು. ಅದರ ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಊರವರೇ ಸೇರಿ ಮಾಡಿದ್ದಿರಬೇಕೆಂದು ನಿಯಮವೇ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸಮುದಾಯ ಬಾನುಲಿ ನಡೆಸಿ ತೋರಿಸಿದೆ. ಸ್ವಸಹಾಯ ಸಂಘ ಕಟ್ಟಿ ಬ್ಯಾಂಕಿನ ವ್ಯವಹಾರ ಮಾಡುವ ನಮ್ಮ ಹೆಂಗಸರಿಗೆ ಇದು ಆಗದ ಮಾತೇ? 1905ರಲ್ಲಿ ಇದೇ ಗದಗ ತಾಲೂಕಿನ ಕಣಗಿನಹಾಳದ ರೈತರು ಸಾಹುಕಾರರ ಬಡ್ಡಿಯಿಂದ ಪಾರಾಗಲು ಸಹಕಾರಿ ಸಂಘ ಕಟ್ಟಿದಾಗ ದೇಶಕ್ಕೇ ದಾರಿ ತೋರಿದರು. ಸಾಲಕ್ಕೆ ಆಗಿದ್ದು ಹಾಡಿಗೂ ಆಗಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ನಮ್ಮ ಶಾಲೆಯಲ್ಲಿ ಈ ವರ್ಷ ಒಂದು ನಿಯಮ ಮಾಡಿದ್ದೇನೆ. ಪ್ರತಿ ತರಗತಿ ಒಂದು ಸಿನಿಮಾ ಹಾಡು ಆರಿಸಿದರೆ, ಇನ್ನೊಂದನ್ನು ತಮ್ಮ ಮನೆಯ ಅಜ್ಜಿಯನ್ನೋ, ಓಣಿಯ ಹಿರಿಯರನ್ನೋ ಕೇಳಿ ತರಬೇಕು. ಹಾಡು ಮೊಬೈಲಿನಿಂದಲ್ಲ, ಬಾಯಿಂದ ಬರಬೇಕು. ಮೊದಲು ಹುಡುಗಿಯರು ಮುಖ ಸಿಂಡರಿಸಿದರು. ಒಂಬತ್ತನೆಯವಳೊಬ್ಬಳು ಮುಂಡರಗಿ ಕಡೆಯ ತನ್ನ ಅಜ್ಜಿಯಿಂದ ಜೋಕುಮಾರನ ಪದ ಕಲಿತು ಬಂದು, ಬುಟ್ಟಿ ಹೊತ್ತವಳಂತೆ ಸೊಂಟಕ್ಕೆ ಕೈ ಕೊಟ್ಟು ನಿಂತು ಹಾಡಿದಳು. ಡೆಸ್ಕಿನ ಮೇಲೆ ತಾಳ ಹಾಕಲು ಯಾರೂ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು, “ಇದನ್ನ ಇನ್ನೊಂದ ಸಲ ಹಾಡಸ್ರಿ ಅಕ್ಕೋರ” ಎಂದು ಕೂಗಿದಳು.

ಜನ ಕೇಳುವುದಿಲ್ಲ ಎನ್ನುವವರು ಬಂದು ಅದನ್ನು ಕೇಳಬೇಕಾಗಿತ್ತು.